ಮನೆಮಾತು ಬೀದಿಗೆ ಬಂದಾಗ: ಬೆಂಗಳೂರಿನ ನುಡಿಗಳನ್ನು ಪ್ರದರ್ಶನಕ್ಕಿಡುವುದು ಹೇಗೆ?

ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯ ಮೇಲೆ ತಮಿಳು ಲಿಪಿಯಲ್ಲೂ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯಲ್ಲೂ ಕೊರೆದ ಶಾಸನಗಳಿವೆ. ಅವುಗಳಲ್ಲಿ 1247ರ ಶಾಸನವೊಂದು ‘ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ’ ಭೂಮಿಯನ್ನು ವೆಪ್ಪೂರಿನ, ಅಂದರೆ ಇಂದಿನ ಬೇಗೂರಿನ, ನಿವಾಸಿಯೊಬ್ಬರು ದತ್ತಿಯಾಗಿ ಬಿಟ್ಟದ್ದನ್ನು ಹೇಳುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಅದಕ್ಕಿಂತ ಮೂರೂವರೆ ಶತಮಾನ ಹಳೆಯದಾದ, ಸುಮಾರು ಕ್ರಿ.ಶ. 890ರ ಹಳಗನ್ನಡದ ಕಲ್ಲಿದೆ. ‘ಬೆಂಗಳೂರ ಕಾಳೆಗ’ದಲ್ಲಿ ಮಡಿದವನೊಬ್ಬನ ನೆನಪನ್ನು ಅದು ಉಳಿಸಿಕೊಂಡಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಎಷ್ಟೋ ಮುಂಚೆ ಈ ಊರಿನ ಹೆಸರು ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ದಾರಿಹೋಕರ ಕಣ್ಣಿಗೆ ಬೀಳುವ ಜಾಗದಲ್ಲಿ ಕೆತ್ತಿಸಿಕೊಂಡು ನಿಂತಿತ್ತು. ಶಾಸನವೆಂದರೆ ರಾಜರ ಕಾಲದ ಒಣ ದಾಖಲೆ ಎಂದು ನಾವು ಶಾಲೆಯಲ್ಲಿ ಕಲಿತುಬಿಡುತ್ತೇವೆ. ವಾಸ್ತವದಲ್ಲಿ ಅದು ಸಾರ್ವಜನಿಕ ಪ್ರದರ್ಶನವೇ ಆಗಿತ್ತು: ಎಲ್ಲರೂ ಬರುವ ಸ್ಥಳ, ಓದಬಲ್ಲವರು ಓದಿ ಹೇಳುವ ಅಕ್ಷರ, ಓದಲಾರದವರಿಗೂ ಅರ್ಥವಾಗುವ ಕೆತ್ತನೆಯ ಚಿತ್ರ.

ಇಂದು ಒಂದು ನಗರದ ಭಾಷಾ ವೈವಿಧ್ಯವನ್ನು ಕಲೆಯ ಮೂಲಕ, ಬಯಲು ಪ್ರದರ್ಶನಗಳ ಮೂಲಕ ಸಂಭ್ರಮಿಸುವ ಪ್ರಯತ್ನಗಳು ಜಗತ್ತಿನ ಅನೇಕ ಕಡೆ ನಡೆಯುತ್ತಿವೆ. ಫೆಬ್ರವರಿ 21ರ ವಿಶ್ವ ಮಾತೃಭಾಷಾ ದಿನದಂದು ಶಾಲೆ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ನಾನಾ ಲಿಪಿಗಳ ‘ನಮಸ್ಕಾರ’ಗಳು ಗೋಡೆಗೆ ಏರುವುದನ್ನು ನಾವು ಕಂಡಿದ್ದೇವೆ. ಇದು ಒಳ್ಳೆಯ ಆರಂಭವೇ ಹೌದು. ಆದರೆ ಇಲ್ಲಿರುವ ತೊಡಕು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಚಿತ್ರವನ್ನು ಗೋಡೆಗೆ ತೂಗುಹಾಕಬಹುದು, ಶಿಲ್ಪವನ್ನು ಪೀಠದ ಮೇಲೆ ನಿಲ್ಲಿಸಬಹುದು. ಮಾತು ಇಬ್ಬರ ನಡುವೆ ಹುಟ್ಟಿ ಅಲ್ಲಿಯೇ ಕರಗಿಹೋಗುವಂಥದ್ದು, ಅದನ್ನು ತೂಗುಹಾಕುವುದು ಎಲ್ಲಿ? ಭಾಷಾ ಪ್ರದರ್ಶನವೊಂದು ಗೆಲ್ಲುವುದೂ ಸೋಲುವುದೂ ಈ ಪ್ರಶ್ನೆಗೆ ಅದು ಕೊಡುವ ಉತ್ತರದ ಮೇಲೆ ನಿಂತಿದೆ ಎಂಬುದು ನನ್ನ ತಿಳಿವಳಿಕೆ. ಬೆಂಗಳೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬಿಡಿಸಿ ನೋಡಬಹುದು.

ಸಾಮಾನ್ಯವಾಗಿ ಮೊದಲ ಉತ್ತರವಾಗಿ ಸಿಗುವುದು ಎಣಿಕೆ. 2011ರ ಜನಗಣತಿಯ ಅಂಕಿಗಳನ್ನು ಆಧರಿಸಿ ಸಂಶೋಧಕರು ಬೆಂಗಳೂರಿನಲ್ಲಿ 107 ಭಾಷೆಗಳಿವೆ ಎಂದು ಲೆಕ್ಕ ಹಾಕಿದ್ದರು. ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ನಗರದಲ್ಲಿ ಅರ್ಧಕ್ಕಿಂತ ಕಡಿಮೆ. ನಂತರದ ದೊಡ್ಡ ಗುಂಪುಗಳು ತಮಿಳು, ತೆಲುಗು ಮತ್ತು ಉರ್ದು ಮಾತನಾಡುವವರದು. ಪ್ರದರ್ಶನದ ಮೊದಲ ಫಲಕದಲ್ಲಿ ‘107’ ಎಂದು ದೊಡ್ಡದಾಗಿ ಬರೆಯುವ ಆಸೆ ಯಾರಿಗೂ ಆದೀತು. ಆದರೆ ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಕೈ ಸ್ವಲ್ಪ ತಡೆಯುತ್ತದೆ.

2011ರ ಜನಗಣತಿಯಲ್ಲಿ ದೇಶದ ಜನ ತಮ್ಮ ಮಾತೃಭಾಷೆಯೆಂದು ಬರೆಸಿದ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರು ಇವೆಲ್ಲ ಅದರಲ್ಲಿ ಬೆರೆತಿದ್ದವು. ಅವನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿ ಗುರುತಿಸಿದರು. ಅವುಗಳನ್ನು ಮತ್ತೆ ಗುಂಪುಗೂಡಿಸಿ, ಕನಿಷ್ಠ 10,000 ಜನ ಆಡುವ 121 ಭಾಷೆಗಳ ಪಟ್ಟಿ ಮಾಡಿದರು, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳು ಇದರೊಳಗೇ ಬರುತ್ತವೆ. ಹೀಗೆ ಗುಂಪುಗೂಡಿಸುವುದರಲ್ಲಿ ಏನಾಗುತ್ತದೆ ಎಂಬುದಕ್ಕೆ ಲಂಬಾಣಿಗಿಂತ ದೊಡ್ಡ ಸಾಕ್ಷಿ ಬೇಡ. ಕರ್ನಾಟಕದ ತಾಂಡಾಗಳಿಂದ ಬೆಂಗಳೂರಿಗೆ ಬಂದು ಕಟ್ಟಡಗಳನ್ನು ಎಬ್ಬಿಸಿದ, ರಸ್ತೆಗಳನ್ನು ಹಾಸಿದ ಸಾವಿರಾರು ಕುಟುಂಬಗಳ ಮನೆಮಾತು ಅದು. ಜನಗಣತಿಯಲ್ಲಿ ಅದು ಹಿಂದಿಯ ಅಡಿಯಲ್ಲಿ ಸೇರಿಹೋಗಿದೆ. ನೇಕಾರ ಸಮುದಾಯದ ಸೌರಾಷ್ಟ್ರ ಭಾಷೆ ಗುಜರಾತಿಯ ಅಡಿಯಲ್ಲಿದೆ, ನೀಲಗಿರಿಯ ಬಡಗ ಕನ್ನಡದ ಅಡಿಯಲ್ಲಿದೆ. ಹೀಗೆ ಸೇರಿಸುವುದಕ್ಕೆ ಆಡಳಿತದ ಕಾರಣಗಳು ಇರಬಹುದು. ಪ್ರದರ್ಶನಕ್ಕೆ ಅಂಥ ಬಾಧ್ಯತೆಯೇನೂ ಇಲ್ಲ. ಲಂಬಾಣಿ ತಾಯಿಯೊಬ್ಬಳು ತನ್ನ ಮಗುವಿನ ಜೊತೆ ಆ ಸಭಾಂಗಣಕ್ಕೆ ಬಂದು, ತನ್ನ ಮಾತಿನ ಹೆಸರನ್ನು ಗೋಡೆಯ ಮೇಲೆ ಹುಡುಕಿ, ಸಿಗದೆ ಹಿಂತಿರುಗಿದರೆ, ಆ ಗೋಡೆ ಎಷ್ಟೇ ಬಣ್ಣಬಣ್ಣವಾಗಿದ್ದರೂ ಅದು ಅವಳ ಮಟ್ಟಿಗೆ ಮುಚ್ಚಿದ ಬಾಗಿಲು.

ಎಣಿಕೆಗೆ ಇನ್ನೊಂದು ಮಿತಿಯೂ ಇದೆ. ಅದು ಒಬ್ಬ ಮನುಷ್ಯನಿಗೆ ಒಂದು ಭಾಷೆಯನ್ನು ಅಂಟಿಸುತ್ತದೆ. ಜನಗಣತಿ ಮಾತೃಭಾಷೆಯ ಜೊತೆಗೆ ಬಲ್ಲ ಇತರ ಎರಡು ಭಾಷೆಗಳನ್ನು ಕೇಳುತ್ತದೆ ನಿಜ, ಆದರೆ ಸುದ್ದಿಯಾಗುವುದು ಮೊದಲನೆಯದು ಮಾತ್ರ. ಕನ್ನಡದಲ್ಲಿ ನಮಗೆ ‘ಮನೆಮಾತು’ ಎಂಬ ಚೆಲುವಾದ ಪದವಿದೆ. ಅದು ಹೇಳದೆಯೇ ಹೇಳುವುದೇನೆಂದರೆ, ಮನೆಯ ಹೊರಗೆ ಬೇರೆ ಮಾತೂ ಇರಬಹುದು. ಬೆಂಗಳೂರಿನ ಹಳೆಯ ಮನೆತನಗಳಲ್ಲಿ ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಕಚೇರಿಯಲ್ಲಿ ಇಂಗ್ಲಿಷ್ ಎಂಬುದು ವಿಶೇಷವೇ ಅಲ್ಲ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದರು ಉರ್ದು ಮನೆಯಿಂದ ಬಂದು ಕನ್ನಡದ ಕವಿಯಾದರು. ಗವೀಪುರದಲ್ಲಿ ಬಾಳಿದ ಮಾಸ್ತಿಯವರನ್ನು ಜನಗಣತಿಯ ಕೋಷ್ಟಕದಲ್ಲಿ ಯಾವ ಅಂಕಣಕ್ಕೆ ಹಾಕುವುದು? ಒಳ್ಳೆಯ ಪ್ರದರ್ಶನವು ಭಾಷೆಗಳನ್ನು ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಜೋಡಿಸದೆ, ಒಬ್ಬನೇ ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ಯಾರ ಜೊತೆ ಯಾವ ಮಾತಿಗೆ ಹೊರಳುತ್ತಾನೆ ಎಂಬ ನಡೆಯನ್ನು ಹಿಡಿಯಬೇಕಾಗುತ್ತದೆ. ಒಂದು ದಿನದ ದಿನಚರಿಯನ್ನು ನುಡಿಗೊಂದು ಬಣ್ಣದಂತೆ ಚಿತ್ರಿಸಿದ ಉದ್ದನೆಯ ಪಟವೊಂದು, ನೂರು ಧ್ವಜಗಳ ಸಾಲಿಗಿಂತ ಹೆಚ್ಚು ನಿಜವನ್ನು ಹೇಳಬಲ್ಲದು.

ಎಣಿಕೆಯ ಬಳಿಕ ಬರುವ ಎರಡನೆಯ ಉತ್ತರ ಲಿಪಿ. ಅಕ್ಷರಗಳು ಸುಂದರ, ಅವು ಕಲಾವಿದರ ಕೈಗೆ ಸುಲಭವಾಗಿ ಒದಗುತ್ತವೆ. ಪ್ಯಾರಿಸಿನ ಮಾಂಮಾರ್ತ್ರ್ ಬಡಾವಣೆಯ ಉದ್ಯಾನವೊಂದರಲ್ಲಿ 2000ದಲ್ಲಿ ಸಿದ್ಧವಾದ ಗೋಡೆಯೊಂದು ಈ ಬಗೆಯ ಕಲೆಗೆ ಹೆಸರುವಾಸಿ. ಫ್ರೆಡೆರಿಕ್ ಬಾರೋ ಎಂಬುವರು ತಮ್ಮ ತಮ್ಮನಿಂದ ಮೊದಲುಗೊಂಡು ನೆರೆಹೊರೆಯ ಬೇರೆ ಬೇರೆ ದೇಶದವರವರೆಗೆ ಕೇಳಿಕೊಂಡು, ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತನ್ನು ಅವರವರ ಕೈಯಲ್ಲೇ ಬರೆಸಿ ಸಂಗ್ರಹಿಸಿದರು. ಕ್ಲೇರ್ ಕಿಟೋ ಎಂಬ ಕಲಾವಿದೆ ಅದನ್ನು ಗೋಡೆಗೆ ಇಳಿಸಿದರು. 612 ನೀಲಿ ಬಿಲ್ಲೆಗಳ, 40 ಚದರ ಮೀಟರಿನ ಆ ಗೋಡೆಯ ಮೇಲೆ ಆ ಒಂದೇ ಮಾತು ಸುಮಾರು 250 ಭಾಷೆಗಳಲ್ಲಿ 311 ಬಾರಿ ಬರೆದಿದೆ. ಒಂದೊಂದು ಬಿಲ್ಲೆಯೂ ಬರೆಯುವ ಕಾಗದದ ಹಾಳೆಯ ಅಳತೆಯದು, ಏಕೆಂದರೆ ಮೊದಲು ಆ ಮಾತುಗಳು ಬಿದ್ದದ್ದು ಅಂಥ ಹಾಳೆಗಳ ಮೇಲೆಯೇ. ಇದರ ಹಿಂದಿನ ಕ್ರಮ ನನಗೆ ಗೋಡೆಗಿಂತ ಹೆಚ್ಚು ಇಷ್ಟವಾಗುತ್ತದೆ. ನಿಘಂಟಿನಿಂದ ಎತ್ತಿದ ಅಚ್ಚಿನ ಅಕ್ಷರವಲ್ಲ, ಬಾಗಿಲು ತಟ್ಟಿ ಪಡೆದ ಕೈಬರಹ ಅದು.

ಆದರೂ ಲಿಪಿಯನ್ನು ಭಾಷೆಯೆಂದೇ ತಿಳಿದರೆ ಎಡವುತ್ತೇವೆ, ಅದರಲ್ಲೂ ಕರ್ನಾಟಕದಲ್ಲಿ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್, ಮಲಯಾಳಂ ಮತ್ತು ಅರಬ್ಬೀ ಮೂಲದ ಲಿಪಿಗಳಲ್ಲಿ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿರುವ ಕೊಂಕಣಿ ಫಲಕವನ್ನು ಕಂಡು ‘ಇದು ಕನ್ನಡವೇ ಅಲ್ಲವೇ’ ಎಂದು ಮುಂದೆ ಸಾಗುವವರಿಗೆ ಅಲ್ಲಿ ಇನ್ನೊಂದು ಭಾಷೆ ಇದೆಯೆಂಬುದೇ ತಿಳಿಯುವುದಿಲ್ಲ. 2011ರ ಗಣತಿಯಂತೆ 18 ಲಕ್ಷಕ್ಕೂ ಹೆಚ್ಚು ಜನರ ಮಾತೃಭಾಷೆಯಾದ ತುಳುವನ್ನು ಇಂದು ಬಹುಪಾಲು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ತುಳು-ತಿಗಳಾರಿ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 2024ರಲ್ಲಿ. ಅಲ್ಲಿಯವರೆಗೆ ಆ ಲಿಪಿಯಲ್ಲಿ ಒಂದು ಫಲಕ ಮುದ್ರಿಸಬೇಕೆಂದರೂ ಕಂಪ್ಯೂಟರಿನಲ್ಲಿ ಸರ್ವಮಾನ್ಯ ದಾರಿಯಿರಲಿಲ್ಲ. ಇನ್ನು ದಖನಿ. ಬಹಮನಿ ಮತ್ತು ಬಿಜಾಪುರದ ಆಸ್ಥಾನಗಳಲ್ಲಿ, ಅಂದರೆ ಈ ನೆಲದಲ್ಲಿಯೇ, ಕಾವ್ಯಭಾಷೆಯಾಗಿ ಬೆಳೆದ ನುಡಿ ಅದು. ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಅದರಲ್ಲಿ ಹಾಡುಗಳನ್ನು ರಚಿಸಿದನು. ಶಿವಾಜಿನಗರದ ಅಂಗಡಿಯಲ್ಲಿ ‘ಬೇಡ’ ಎನ್ನಲು ಕೇಳಿಬರುವ ‘ನಕ್ಕೊ’ ಮರಾಠಿಯಿಂದ ಬಂದದ್ದು. ಆದರೆ ಬರೆಯುವಾಗ ಅದು ಉರ್ದು ಎನಿಸಿಕೊಳ್ಳುತ್ತದೆ, ಶಾಲೆಯಲ್ಲಿ ಅದನ್ನು ತಿದ್ದಲಾಗುತ್ತದೆ. ಲಿಪಿಗಳ ಪ್ರದರ್ಶನದಲ್ಲಿ ದಖನಿಗೆ ಗೋಡೆಯೇ ಇಲ್ಲ. ಅದು ಇರುವುದು ಕಿವಿಯಲ್ಲಿ.

ಹಾಗಾಗಿ ದನಿಯ ಕಡೆಗೆ ಬರಲೇಬೇಕು. ಗುಜರಾತಿನ ತೇಜಗಢದ ಆದಿವಾಸಿ ಅಕಾಡೆಮಿಯಲ್ಲಿ ‘ವಾಚಾ’ ಎಂಬ ಸಂಗ್ರಹಾಲಯವಿದೆ. ಹೆಸರೇ ಹೇಳುವಂತೆ ಅದು ದನಿಯ ಮನೆ. ಅದನ್ನು ಕಟ್ಟಿದ ಗಣೇಶ ದೇವಿಯವರು ಆಮೇಲೆ ಧಾರವಾಡಕ್ಕೆ ಬಂದು ನೆಲೆಸಿದರು. 2010ರಲ್ಲಿ ಅವರು ಆರಂಭಿಸಿದ ಜನಭಾಷಾ ಸಮೀಕ್ಷೆ ದೇಶದಲ್ಲಿ 780 ಭಾಷೆಗಳನ್ನು ದಾಖಲಿಸಿತು. ಜನಗಣತಿಯ 121ಕ್ಕೂ ಈ 780ಕ್ಕೂ ನಡುವಿನ ಅಂತರವನ್ನು ಯಾರೋ ತಪ್ಪು ಎಣಿಸಿದ್ದಾರೆಂದು ಓದಬಾರದು. ಎಣಿಸುವ ಮೊದಲು ಕೇಳಿಸಿಕೊಂಡವರ ಲೆಕ್ಕ ಬೇರೆ, ಪಟ್ಟಿಯಿಂದ ಹೊರಟವರ ಲೆಕ್ಕ ಬೇರೆ.

ನ್ಯೂಯಾರ್ಕಿನಲ್ಲಿ 2010ರಲ್ಲಿ ಹುಟ್ಟಿದ ‘ಎಂಡೇಂಜರ್ಡ್ ಲ್ಯಾಂಗ್ವೇಜ್ ಅಲಯನ್ಸ್’ ಎಂಬ ಸಂಸ್ಥೆ ಆ ನಗರದ ನುಡಿಗಳ ನಕಾಶೆಯೊಂದನ್ನು ಮೊದಲು ಕಾಗದದ ಮೇಲೆ, ಬಳಿಕ ಅಂತರಜಾಲದಲ್ಲಿ ತಂದಿತು. ಸುಮಾರು 700 ಭಾಷೆ ಹಾಗೂ ಉಪಭಾಷೆಗಳನ್ನು ಅದು ಗುರುತಿಸುತ್ತದೆ. ಅದರ ಉಪಾಯ ಸರಳ: ಪ್ರತಿ ಬಡಾವಣೆಯಲ್ಲಿ ಶೇಕಡಾ ಎಷ್ಟು ಜನ ಎಂದು ಬಣ್ಣ ತುಂಬುವ ಬದಲು, ಆ ಮಾತು ಕೇಳಿಸುವ ನಿರ್ದಿಷ್ಟ ಜಾಗಕ್ಕೆ ಒಂದು ಚುಕ್ಕೆ ಇಡುವುದು, ಅದೊಂದು ಪ್ರಾರ್ಥನಾ ಮಂದಿರವಾಗಿರಬಹುದು, ಉಪಾಹಾರ ಗೃಹವಾಗಿರಬಹುದು, ಸಂಘದ ಕೊಠಡಿಯಾಗಿರಬಹುದು. ಹತ್ತು ಜನ ಆಡುವ ಮಾತಿಗೂ ಹತ್ತು ಲಕ್ಷ ಜನ ಆಡುವ ಮಾತಿಗೂ ಚುಕ್ಕೆ ಒಂದೇ ಗಾತ್ರದ್ದಾಗಿದ್ದರೆ ನೋಡುವವರ ಮನಸ್ಸಿನಲ್ಲಿ ಆಗುವ ಬದಲಾವಣೆ ಸಣ್ಣದಲ್ಲ. ಬೆಂಗಳೂರಿಗೆ ಇಂಥ ನಕಾಶೆ ಬರೆದರೆ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಮಾರವಾಡಿ ಮತ್ತು ಗುಜರಾತಿ, ಹಲಸೂರಿನಲ್ಲಿ ತಮಿಳು, ತುಳುವರ ಹೋಟೆಲಿನ ಅಡುಗೆಮನೆಯಲ್ಲಿ ತುಳು, ಕಟ್ಟಡ ಕಾಮಗಾರಿಯ ಶೆಡ್ಡುಗಳ ಬಳಿ ಲಂಬಾಣಿ, ಒಡಿಯಾ ಮತ್ತು ಬಾಂಗ್ಲಾ ಎಂದು ಗುರುತು ಹಾಕುತ್ತ ಹೋಗಬೇಕಾಗುತ್ತದೆ. ಆದರೆ ಒಂದು ಎಚ್ಚರ ಬೇಕು. ಸಣ್ಣ, ದುರ್ಬಲ ಸಮುದಾಯವೊಂದು ನಿಖರವಾಗಿ ಎಲ್ಲಿದೆ ಎಂದು ಊರಿಗೆಲ್ಲ ತೋರಿಸಿಕೊಡುವುದು ಅವರ ಸುರಕ್ಷತೆಗೆ ಒಳ್ಳೆಯದೇ ಎಂಬುದನ್ನು ಅವರೇ ಹೇಳಬೇಕು. ದನಿಮುದ್ರಣದ ವಿಷಯದಲ್ಲೂ ಹಾಗೆಯೇ: ಹಾಡಿದವರ ಅನುಮತಿ, ಅವರ ಹೆಸರು ಹಾಕಬೇಕೋ ಬೇಡವೋ ಎಂಬ ಅವರ ತೀರ್ಮಾನ, ಬೇಡವೆನಿಸಿದಾಗ ಹಿಂದಕ್ಕೆ ಪಡೆಯುವ ಹಕ್ಕು ಇವು ಮೊದಲು, ಸ್ಪೀಕರು ಮತ್ತು ಹೆಡ್‌ಫೋನು ಆಮೇಲೆ.

ದನಿ, ಲಿಪಿ, ಸಂಖ್ಯೆಗಳ ಆಚೆಗೆ ಪ್ರದರ್ಶನಕ್ಕೆ ಒದಗುವ ಇನ್ನೊಂದು ಸಾಮಗ್ರಿಯಿದೆ, ಅದರ ಮೇಲೆ ನನಗೆ ವಿಶೇಷ ಮಮತೆ. ಅದು ಪದಗಳ ಪ್ರಯಾಣ. ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ಬೀಗದ ಕೈ ಇಟ್ಟು, ಕೆಳಗೆ ‘ಚಾವಿ’ ಎಂದು ಬರೆದರೆ ಸಾಕು. ಪೋರ್ಚುಗೀಸರ ‘ಶಾವೆ’ ಗೋವೆಯ ತೀರದಲ್ಲಿ ಇಳಿದು ಉತ್ತರ ಕರ್ನಾಟಕದ ಮನೆಮನೆಯ ಬಾಗಿಲು ತಲಪಿದ ಕತೆ ಅಲ್ಲಿದೆ. ತಿಂಗಳ ಕೊನೆಯ ‘ಪಗಾರ’ವೂ ಅದೇ ಹಡಗಿನಲ್ಲಿ ಬಂದದ್ದು. ‘ವಕೀಲ’, ‘ಕಾನೂನು’, ‘ರಸೀದಿ’, ‘ಜಮೀನು’, ‘ತಹಶೀಲ್ದಾರ’ ಇವು ಪಾರಸಿ ಆಡಳಿತದ ದಾರಿಯಲ್ಲಿ ಬಂದು ಕನ್ನಡದ ವಿಭಕ್ತಿ ತೊಟ್ಟುಕೊಂಡವು. ‘ಆಲೂಗಡ್ಡೆ’ಯಲ್ಲಿ ಅರ್ಧ ಉತ್ತರದ ಆಲೂ, ಅರ್ಧ ನಮ್ಮ ಗಡ್ಡೆ. ಕನ್ನಡ ಬಂದ ಪದಕ್ಕೆ ಕೊನೆಯಲ್ಲಿ ಒಂದು ಉಕಾರವನ್ನು ಕೊಟ್ಟು, ಬಸ್ಸು, ಕಾರು, ಜಮೀನು ಎಂದು ತನ್ನ ಪಂಕ್ತಿಯಲ್ಲಿ ಕೂರಿಸಿಕೊಳ್ಳುವ ರೀತಿಯನ್ನು ಮಕ್ಕಳಿಗೆ ಆಟವಾಗಿ ತೋರಿಸಬಹುದು. ಭಾಷೆಗಳು ಒಂದರ ಪಕ್ಕದಲ್ಲಿ ಒಂದು ಸುಮ್ಮನೆ ನಿಂತಿಲ್ಲ, ಒಂದರ ಒಳಗೆ ಒಂದು ಬೇರಿಳಿಸಿವೆ ಎಂಬುದನ್ನು ಇಷ್ಟು ನೇರವಾಗಿ ಹೇಳುವ ವಸ್ತು ಇನ್ನೊಂದು ನನಗೆ ಕಂಡಿಲ್ಲ.

ಊರಿನ ಹೆಸರುಗಳೂ ಹೀಗೆಯೇ. ಪೇಟೆ ಮತ್ತು ದಂಡು ಎಂದು ಬೆಂಗಳೂರು ಬಹುಕಾಲ ಎರಡಾಗಿತ್ತು. 1809ರಲ್ಲಿ ಬ್ರಿಟಿಷರು ದಂಡನ್ನು ನೆಲೆಗೊಳಿಸಿದ ಮೇಲೆ ಸೈನ್ಯದ ಜೊತೆಗೆ ಸರಬರಾಜುದಾರರು, ಕುಶಲಕರ್ಮಿಗಳು, ವ್ಯಾಪಾರಿಗಳು, ಕೆಲಸಗಾರರು ತಮಿಳು ಸೀಮೆಯಿಂದ ದೊಡ್ಡ ಸಂಖ್ಯೆಯಲ್ಲಿ ಬಂದರು. ಅವೆರಡೂ ಒಂದೇ ನಗರಪಾಲಿಕೆಯ ಅಡಿಗೆ ಬಂದದ್ದು 1949ರಲ್ಲಿ. ಪಡುವಣದ ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳ ಜೊತೆ ಸುಲ್ತಾನ್‌ಪೇಟೆಯೂ ಕಾಟನ್‌ಪೇಟೆಯೂ ಇವೆ. ಊರ ಹೊರವಲಯದಲ್ಲಿ ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ದಲ್ಲಿ ಕೆರೆಯನ್ನು ಸಮುದ್ರವೆಂದು ಕರೆದ ಕಾಲ ಅಡಗಿದೆ. ಕನ್ನಡದ ‘ಹಲಸೂರು’ ಇಂಗ್ಲಿಷರ ನಾಲಿಗೆಯಲ್ಲಿ ‘ಅಲ್ಸೂರ್’ ಆಯಿತು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಆ ಊರು ‘ತೊಂಬಲೂರು’, ‘ದೇಶಿಮಾಣಿಕಪಟ್ಟಣ’ ಎಂದೂ ಕರೆಸಿಕೊಂಡಿದೆ. ಇಂದು ದೊಮ್ಮಲೂರಿನ ಮೇಲ್ಸೇತುವೆಯಡಿ ಸಿಗ್ನಲ್ಲಿಗಾಗಿ ಕಾಯುವ ಎಷ್ಟು ಜನರಿಗೆ ಆ ಹೆಸರು ಗೊತ್ತು? ಅದೇ ಸೇತುವೆಯ ಕಂಬದ ಮೇಲೆ ಆ ಹಳೆಯ ಹೆಸರುಗಳನ್ನು ಅವುಗಳ ಅಂದಿನ ಅಕ್ಷರದಲ್ಲೇ ಬರೆದರೆ, ಕೆಂಪು ದೀಪದ ಎರಡು ನಿಮಿಷಗಳಿಗೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ಬೇಕಾಗಿಲ್ಲ.

ಕಂಬ, ಗೋಡೆ, ಫಲಕಗಳ ಮಾತು ಬಂದಾಗ ಒಂದು ಸೂಕ್ಷ್ಮ ವಿಚಾರವನ್ನು ನೇರವಾಗಿಯೇ ಎದುರಿಸಬೇಕು. 1997ರಲ್ಲಿ ಕೆನಡಾದ ರೋಡ್ರಿಗ್ ಲಾಂಡ್ರಿ ಮತ್ತು ರಿಚರ್ಡ್ ಬೂರಿ ಎಂಬ ವಿದ್ವಾಂಸರು ರಸ್ತೆಯ ಹೆಸರು, ಜಾಹೀರಾತು, ಅಂಗಡಿಯ ಫಲಕ, ಸರ್ಕಾರಿ ಕಟ್ಟಡದ ಬರಹ ಇವೆಲ್ಲ ಸೇರಿ ಒಂದು ಪ್ರದೇಶದ ‘ಭಾಷಾ ದೃಶ್ಯ’ವಾಗುತ್ತದೆ ಎಂದು ವಿವರಿಸಿದರು. ಅವರ ಪ್ರಕಾರ ಫಲಕ ಎರಡು ಕೆಲಸ ಮಾಡುತ್ತದೆ. ಒಂದು, ಮಾಹಿತಿ ಕೊಡುವುದು: ಇಲ್ಲಿ ಈ ಭಾಷೆಯಲ್ಲಿ ವ್ಯವಹಾರ ನಡೆಯುತ್ತದೆ ಎಂದು. ಇನ್ನೊಂದು, ಸಂಕೇತವಾಗುವುದು: ಈ ಭಾಷೆಗೆ ಇಲ್ಲಿ ಎಷ್ಟು ಮಾನವಿದೆ ಎಂದು. ಮಾಹಿತಿಯ ಕೆಲಸಕ್ಕೆ ಎರಡು ಅಕ್ಷರ ಸಾಕು. ಜಗಳ ಹುಟ್ಟುವುದು ಸಂಕೇತದ ವಿಷಯದಲ್ಲಿ. ನಮ್ಮ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ಸುತ್ತ 2017ರಲ್ಲಿ ನಡೆದ ವಾದವೂ, ವ್ಯಾಪಾರಿ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಬಂದ ಕಾನೂನು ತಿದ್ದುಪಡಿಯೂ ಈ ಎರಡನೆಯ ಕೆಲಸಕ್ಕೆ ಸಂಬಂಧಿಸಿದವು.

ಹಾಗಾದರೆ ನೂರು ಭಾಷೆಗಳ ಹಬ್ಬ ಮಾಡುವುದು ಕನ್ನಡಕ್ಕೆ ಅಡ್ಡಿಯೇ? ನಾನು ಹಾಗೆ ಭಾವಿಸುವುದಿಲ್ಲ, ಆದರೆ ಈ ಅಳುಕನ್ನು ಅಲ್ಪವೆಂದು ತಳ್ಳಿಹಾಕುವುದೂ ನನಗೆ ಒಪ್ಪಿಗೆಯಿಲ್ಲ. ‘ಎಲ್ಲ ಭಾಷೆಗಳೂ ಇಲ್ಲಿವೆ’ ಎಂದು ಸಾರುವ ಪ್ರದರ್ಶನದ ವಿವರಣೆಗಳೆಲ್ಲ ಇಂಗ್ಲಿಷಿನಲ್ಲೇ ಇದ್ದು, ಕನ್ನಡ ಅಲ್ಲಿ 107ರಲ್ಲಿ ಒಂದಾಗಿ ಮೂಲೆಯಲ್ಲಿದ್ದರೆ, ವೈವಿಧ್ಯದ ಹೆಸರಿನಲ್ಲಿ ನಡೆದದ್ದು ಇಂಗ್ಲಿಷಿನ ಪಟ್ಟಾಭಿಷೇಕವೇ. ಆತಿಥೇಯ ಭಾಷೆ ಅತಿಥಿಗಳ ಪಂಕ್ತಿಯಲ್ಲಿ ಕುಳಿತುಕೊಳ್ಳುವುದಿಲ್ಲ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತದೆ. ಲಂಬಾಣಿಯ ಲಾವಣಿ, ಒಡಿಯಾದ ಪಟಚಿತ್ರ, ದಖನಿಯ ಒಗಟು ಇವೆಲ್ಲದರ ಅರ್ಥವನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಎರಡು ಲಾಭವಿದೆ: ಕನ್ನಡ ಓದುಗನಿಗೆ ನೆರೆಯವನ ಮಾತು ತೆರೆಯುತ್ತದೆ, ಹೊರಗಿನಿಂದ ಬಂದವನಿಗೆ ಈ ಊರಿನಲ್ಲಿ ಪರಸ್ಪರ ಮಾತನಾಡುವ ಸೇತುವೆ ಯಾವುದು ಎಂಬುದು ಹೇಳದೆಯೇ ತಿಳಿಯುತ್ತದೆ.

ಸಾರ್ವಜನಿಕ ಕಲಾಕೃತಿಯೊಂದು ಭಾಷೆಗಳ ನಡುವಿನ ಗಾಯಕ್ಕೆ ಎಷ್ಟು ಹತ್ತಿರ ನಿಲ್ಲಬಲ್ಲದು ಎಂಬುದಕ್ಕೆ ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಯೇ ಸಾಕ್ಷಿ. 1991ರಲ್ಲಿ ಸಿದ್ಧವಾದ ಆ ಪ್ರತಿಮೆ, ಕಾವೇರಿಯ ವಿವಾದ ಮತ್ತು ಭಾಷಾ ಉದ್ವೇಗಗಳ ನಡುವೆ, ಹದಿನೆಂಟು ವರ್ಷ ಮುಸುಕಿನೊಳಗೆ ನಿಂತಿತ್ತು. 2009ರ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಬಿ.ಎಸ್. ಯಡಿಯೂರಪ್ಪನವರ ಸಮ್ಮುಖದಲ್ಲಿ ಅದನ್ನು ಅನಾವರಣ ಮಾಡಿದರು; ನಾಲ್ಕು ದಿನ ಕಳೆದು, ಆಗಸ್ಟ್ 13ರಂದು, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯನ್ನು ಯಡಿಯೂರಪ್ಪನವರು ಅನಾವರಣ ಮಾಡಿದರು. ಎರಡು ಸಾಲಿನ ಕುರಳ್ ಬರೆದವನು ಮೂರು ಸಾಲಿನ ತ್ರಿಪದಿಯವರ ಊರಿಗೆ, ತ್ರಿಪದಿಯವನು ಕುರಳಿನವರ ಊರಿಗೆ ಹೋಗಿ ನಿಂತದ್ದು ಚಂದದ ಸಮತೂಕ. ಆದರೂ ಪ್ರತಿಮೆಗಳು ತಾವಾಗಿ ಮಾತನಾಡುವುದಿಲ್ಲ. ಹಲಸೂರಿನಲ್ಲಿ ಕುರಳನ್ನು ಕನ್ನಡದಲ್ಲಿ, ಅಯನಾವರಂನಲ್ಲಿ ತ್ರಿಪದಿಯನ್ನು ತಮಿಳಿನಲ್ಲಿ ಗಟ್ಟಿಯಾಗಿ ಓದುವ ಒಂದು ಸಂಜೆ ವರ್ಷಕ್ಕೊಮ್ಮೆಯಾದರೂ ನಡೆದರೆ ಆ ವಿನಿಮಯ ಪೂರ್ತಿಯಾದಂತೆ.

ಇಷ್ಟೆಲ್ಲಕ್ಕೂ ದೊಡ್ಡ ಕಟ್ಟಡ ಬೇಕೆಂದಿಲ್ಲ. ಬೆಂಗಳೂರಿನಲ್ಲಿ ಪ್ರದರ್ಶನಕ್ಕೆ ಒದಗುವ ಸ್ಥಳಗಳು ಈಗಾಗಲೇ ಇವೆ: ಕಬ್ಬನ್ ಉದ್ಯಾನದ ಅಂಚಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು, ಅಲ್ಲಿ ಕಾಳಿಯೆಂಬ ನಾಯಿಯ ನೆನಪಿಗೆ ನಿಲ್ಲಿಸಿದ ಹತ್ತನೆಯ ಶತಮಾನದ ಆತಕೂರು ಶಾಸನವಿದೆ, ಮಹಾತ್ಮ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣದ ಬುಡದಲ್ಲಿ ರಂಗೋಲಿ ಕಲಾಕೇಂದ್ರವಿದೆ, ಪ್ರತಿ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಒಂದಿಡೀ ರಸ್ತೆಯನ್ನು ಗ್ಯಾಲರಿಯಾಗಿ ಮಾಡುತ್ತದೆ. ಟಿಪ್ಪುವಿನ ಬೇಸಿಗೆ ಅರಮನೆಯ ಪಾರಸಿ ಬರಹ ಆ ಕಟ್ಟಡವನ್ನು ‘ಸ್ವರ್ಗಕ್ಕೂ ಅಸೂಯೆ’ ಎಂದು ಕರೆಯುತ್ತದೆ. ಕಾಡು ಮಲ್ಲೇಶ್ವರದಲ್ಲಿ ಮರಾಠರ ಏಕೋಜಿಯ 1669ರ ದತ್ತಿಯ ಶಾಸನವಿದೆ. ಹಬ್ಬವನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಇರುವ ಅಕ್ಷರಗಳ ಮುಂದೆ ನಿಂತು ಓದಿಹೇಳುವವರು ಬೇಕು.

ಹೆಬ್ಬಾಳದಲ್ಲಿ ನಡೆದದ್ದು ಇದೇ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಚರಂಡಿಯ ಕಾಮಗಾರಿಯ ನಡುವೆ ಬೆಳಕಿಗೆ ಬಂತು. ಹೆಬ್ಬಾಳವು ‘ಪೆರ್ಬೊಳಲ್’ (‘ಪೆರ್’ ಎಂದರೆ ದೊಡ್ಡದು) ಆಗಿದ್ದ ಕಾಲದ ಮಾತು ಅದರ ಮೇಲಿತ್ತು. ಆಸಕ್ತರು ಅದನ್ನು ಓದಿಸಿದರು. ಊರಿನವರು ಮುಂದೆ ಬಂದು ಅದಕ್ಕೆ ಮಂಟಪ ಕಟ್ಟಿಸಿ ನಿಲ್ಲಿಸಿದರು. 1909ರಲ್ಲಿ ಸ್ಥಾಪನೆಯಾದ ‘ಮಿಥಿಕ್ ಸೊಸೈಟಿ’ ಎಂಬ ಇತಿಹಾಸ ಅಧ್ಯಯನ ಸಂಸ್ಥೆ ಈಗ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿದೆ. ಸವೆದ ಅಕ್ಷರದ ಮೇಲೆ ಕಂಪ್ಯೂಟರಿನಲ್ಲಿ ಓರೆಯಾಗಿ ಬೆಳಕು ಹಾಯಿಸಿ, ಬರಿಗಣ್ಣಿಗೆ ಕಾಣದ ಗೀರುಗಳನ್ನು ಓದಲು ಅದರಿಂದ ಸಾಧ್ಯವಾಗಿದೆ. ಕನ್ನಡ, ತಮಿಳು, ತೆಲುಗು ಎಂಬ ಭೇದವಿಲ್ಲದೆ ಆ ಕಲ್ಲುಗಳೆಲ್ಲ ಒಂದೇ ಭಂಡಾರಕ್ಕೆ ಸೇರುತ್ತಿವೆ. ಮಂಟಪದ ಎದುರು ಹಾದುಹೋಗುವ ಶಾಲೆಯ ಮಕ್ಕಳಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ದಖನಿ, ಕೆಲವರದು ಲಂಬಾಣಿ ಇದ್ದೀತು. ಅವರಲ್ಲೊಬ್ಬರು ‘ಪೆರ್ಬೊಳಲ್’ ಎಂಬ ಪದವನ್ನು ಬೆರಳಿಟ್ಟು ಓದಿ, ಪಕ್ಕದಲ್ಲಿಟ್ಟ ಹಲಗೆಯೊಂದರ ಮೇಲೆ ತಮ್ಮ ಮನೆಯಲ್ಲಿ ‘ದೊಡ್ಡದು’ ಎನ್ನಲು ಏನನ್ನುತ್ತಾರೋ ಅದನ್ನು ಸೀಮೆಸುಣ್ಣದಲ್ಲಿ ಬರೆಯಲು ಒಂದಿಷ್ಟು ಖಾಲಿ ಜಾಗ ಬಿಟ್ಟಿದ್ದರೆ, ಮರುದಿನ ಅದನ್ನು ಒರೆಸಿ ಇನ್ನೊಂದು ಮಗು ಇನ್ನೊಂದು ಪದ ಬರೆಯುತ್ತದೆ.